ಹಾವಿಗೆ ಔಷಧಿ ಹಾಕುವ ಮುಂಚೆ ಪೆಟ್ಟಿಗೆ ನೋಡಿ

ಮಾನ್ಯ ಸಂಪಾದಕರೇ,

ತುಮಕೂರು, ತಿಪಟೂರು ಕಡೆಯೂ ಈಗ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು) ಸಾಕುವ ಹುಡುಗರು ಇದ್ದಾರೆ. ನಾನೂ ಒಂದನ್ನು ಸಾಕಿದ್ದೇನೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದೇನೆ. (ನಾಗರ, ಕೇರೆ, ನಮ್ಮ ಕಾಡಿನ ಹೆಬ್ಬಾವು ಇವನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.) ಹಾವು ಸ್ವಲ್ಪ ಮಂಕಾದರೆ ಸಾಕು, ಏನು ಔಷಧಿ ಹಾಕಲಿ ಅಂತ ಫೋನ್ ಬರುತ್ತದೆ. ದಯವಿಟ್ಟು ಮೊದಲು ಹಾವು ಇಟ್ಟಿರುವ ಪೆಟ್ಟಿಗೆ ನೋಡಿ. ಸಣ್ಣಪುಟ್ಟ ಕಾಯಿಲೆಗಳು ಬಹುಪಾಲು ಅಲ್ಲೇ ಶುರುವಾಗುವುದು.

ನೀರಿನ ಬಟ್ಟಲಿನಿಂದ ಶುರು ಮಾಡಿ. ಹಾವು ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ಬಟ್ಟಲಲ್ಲೇ ಮುದುರಿಕೊಂಡು ಕೂತಿದ್ದರೆ ಅದನ್ನು ಎತ್ತಿ ಪಕ್ಕಕ್ಕಿಟ್ಟು ತಳ ನೋಡಿ. ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಮುಳುಗಿದ್ದರೆ ಅದು ನುಸಿ (ಮೈಟ್), ಹಾವಿನ ರಕ್ತ ಹೀರುವ ಹುಳು. ಕಣ್ಣಿನ ಸುತ್ತ, ದವಡೆ ಕೆಳಗಿನ ಸಂದಿಯಲ್ಲೂ ಸೇರಿಕೊಂಡಿರುತ್ತದೆ, ಒದ್ದೆ ಬಿಳಿ ಟಿಶ್ಯೂನಿಂದ ಮೈ ಒರೆಸಿದರೆ ಅಂಟಿಕೊಂಡು ಬರುತ್ತದೆ. ಕೆಳಗೆ ಹಾಸಿದ್ದನ್ನೆಲ್ಲ ಕವರಿಗೆ ತುಂಬಿ, ಕಟ್ಟಿ ಬಿಸಾಕಿ. ಪೆಟ್ಟಿಗೆಯನ್ನು ಬಿಸಿ ಸೋಪಿನ ನೀರಲ್ಲಿ ಮೂಲೆ ಮೂಲೆ ತಿಕ್ಕಿ ತೊಳೆದು ಒಣಗಿಸಿ, ಸ್ವಲ್ಪ ದಿನ ಬರೀ ಪೇಪರ್ ಹಾಸಿ. ಸಂದಿಯಲ್ಲಿ ಮೊಟ್ಟೆ ಉಳಿದಿರುತ್ತದೆ, ಆದ್ದರಿಂದ ಮತ್ತೆ ಮತ್ತೆ ತೊಳೆಯಲೇಬೇಕು. ಹಸುವಿನ ಉಣ್ಣೆಗೆ ಹೊಡೆಯುವ ಔಷಧಿ ಮನೆಯಲ್ಲಿದೆ ಅಂತ ಅದನ್ನೇ ಹಾವಿಗೆ ಹೊಡೆಯಬೇಡಿ, ಪೆಟ್ಟಿಗೆಗೆ ಫಿನೈಲೂ ಬೇಡ. ನುಸಿ ಸಾಯುವ ಮೊದಲು ಹಾವೇ ಸತ್ತೀತು. ಹೊಸ ಹಾವು ತಂದರೆ ಕನಿಷ್ಠ ಒಂದು ತಿಂಗಳು ಬೇರೆ ಕೋಣೆಯಲ್ಲಿಡಿ, ನುಸಿ ಬರುವುದು ಹೆಚ್ಚಾಗಿ ಹಾಗೇ.

ಇನ್ನು ತೇವ. ನಮ್ಮಲ್ಲಿ ತೆಂಗಿನ ನಾರಿನ ಪುಡಿಗೆ ಬರವಿಲ್ಲ, ಎಲ್ಲರೂ ಅದನ್ನೇ ಹಾಸುತ್ತಾರೆ, ಒಳ್ಳೆಯದೇ. ಆದರೆ ಹಿಡಿ ತುಂಬ ತೆಗೆದು ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಅದು ಜಾಸ್ತಿ ಆಯ್ತು. ಒದ್ದೆಯಲ್ಲೇ ಬಿದ್ದಿರುವ ಹಾವಿನ ಹೊಟ್ಟೆಯ ಹುರುಪೆ ಮೊದಲು ಕೆಂಪಾಗುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಗುಳ್ಳೆ ಏಳುತ್ತದೆ. ವಾರಕ್ಕೊಮ್ಮೆಯಾದರೂ ಹೊಟ್ಟೆ ತಿರುಗಿಸಿ ನೋಡಿ. ತೀರಾ ಒಣಗಿದರೂ ಕಷ್ಟ, ಪೊರೆ ಚೂರು ಚೂರಾಗಿ ಬಿಟ್ಟು ಕಣ್ಣಿನ ಮೇಲೆ, ಬಾಲದ ತುದಿಯಲ್ಲಿ ಉಳಿದುಬಿಡುತ್ತದೆ. ಅದನ್ನು ಉಗುರಿನಿಂದ ಕೀಳಬೇಡಿ. ಮಾರ್ಚ್, ಏಪ್ರಿಲ್‌ನ ಒಣ ಗಾಳಿಯಲ್ಲಿ ಡಬ್ಬದೊಳಗೆ ಒದ್ದೆ ಪಾಚಿ (ಮಾಸ್) ಇಟ್ಟು ಒಂದು ಮರೆ ಮಾಡಿಕೊಟ್ಟರೆ ಹಾವು ತಾನೇ ಹೋಗಿ ಮಲಗುತ್ತದೆ. ಗಾಳಿಯ ತೇವಾಂಶ ಶೇ 55ರಿಂದ 60 ಇದ್ದರೆ ಸಾಕು.

ಡಿಸೆಂಬರ್ ಚಳಿಗೆ ಹೀಟ್ ಪ್ಯಾಡ್ ಬೇಕು, ಆದರೆ ಥರ್ಮೋಸ್ಟಾಟ್ (ಬಿಸಿ ಮಿತಿ ಮೀರದಂತೆ ತಡೆಯುವ ಸಾಧನ) ಇಲ್ಲದೆ ಹಾಕಿದರೆ ಹಾವಿನ ಹೊಟ್ಟೆ ಸುಡುತ್ತದೆ. ಬೆಚ್ಚಗಿನ ಬದಿ 31–32 ಡಿಗ್ರಿ, ತಂಪಿನ ಬದಿ 25–27. ಚಳಿಗಾಲದಲ್ಲಿ ದೊಡ್ಡ ಹಾವು ಇಲಿ ಮುಟ್ಟದಿದ್ದರೆ ಗಾಬರಿ ಬೇಡ, ತೂಕ ಇಳಿಯುತ್ತಿದೆಯಾ ಅಂತ ಮಾತ್ರ ನೋಡಿ. ಉಸಿರಾಡುವಾಗ ಸದ್ದು ಬಂದರೆ, ಬಾಯಿ ತೆರೆದು ತಲೆ ಮೇಲೆತ್ತಿದರೆ, ಮೂಗಲ್ಲಿ ಗುಳ್ಳೆ ಕಂಡರೆ ಒಂದು ದಿನವೂ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಕಷ್ಟ ಇರುವುದೇ ಅಲ್ಲಿ. ನಮ್ಮ ಪಶು ವೈದ್ಯರಿಗೆ ಹಸು, ಕುರಿ ಚೆನ್ನಾಗಿ ಗೊತ್ತು, ಹಾವು ಅಂದರೆ ಬೆಂಗಳೂರಿಗೆ ಹೋಗಿ ಅನ್ನುತ್ತಾರೆ. ಅಷ್ಟು ದೂರ ಬಸ್ಸಿನಲ್ಲಿ ಕಾಯಿಲೆ ಹಾವನ್ನು ಒಯ್ಯುವುದು ಸುಲಭ ಅಲ್ಲ ಅಲ್ವಾ? ಪಶುಪಾಲನಾ ಇಲಾಖೆ ತುಮಕೂರಿನಲ್ಲಿ ಒಬ್ಬ ವೈದ್ಯರಿಗಾದರೂ ಹಾವು, ಆಮೆಗಳ ಚಿಕಿತ್ಸೆಯ ತರಬೇತಿ ಕೊಡಿಸಿ, ವಾರದಲ್ಲಿ ಒಂದು ದಿನ ಅವುಗಳಿಗೇ ಮೀಸಲಿಡಲಿ.

– ಒಬ್ಬ ಓದುಗ, ತಿಪಟೂರು