ಊರಿಗೆಲ್ಲ ಒಂದೇ ಪುಸ್ತಕ

ಮಾನ್ಯರೇ,

ನಮ್ಮೂರ ಪಂಚಾಯಿತಿ ಗ್ರಂಥಾಲಯದ ಎದುರೇ ನನ್ನ ಹಿಟ್ಟಿನ ಗಿರಣಿ. 2020ರಲ್ಲಿ ಹಳ್ಳಿ ಮಕ್ಕಳನ್ನು ಓದಿಗೆ ಹಚ್ಚುವ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕ ಮೇಲೆ ಅದರ ಬಾಗಿಲಲ್ಲಿ ಚಪ್ಪಲಿಗಳು ಜಾಸ್ತಿಯಾಗಿವೆ. ಎಲ್ಲ ಪುಟ್ಟವೇ! ದೊಡ್ಡವರ ಚಪ್ಪಲಿ ಕಾಣುವುದು ಬೆಳಿಗ್ಗೆ, ಪೇಪರ್ ಓದುವಾಗ ಮಾತ್ರ. ಹೆಂಗಸರದ್ದಂತೂ ಇಲ್ಲವೇ ಇಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿ 1998ರಲ್ಲಿ ಗ್ರಂಥಾಲಯದವರು ಇಡೀ ಊರು ಒಂದೇ ಪುಸ್ತಕ ಓದಿ ಮಾತಾಡಲಿ ಅಂತ ಹೊರಟರು. ಆಮೇಲೆ ಸಣ್ಣ ಊರುಗಳೂ ಇದನ್ನು ಮಾಡಿದವು. ನಮಗೆ ಯಾಕಾಗದು?

ಹೋದ ಮಳೆಗಾಲ ಒಂದು ಸಂಜೆ ಕರೆಂಟ್ ಹೋಗಿತ್ತು. ರಾಗಿ ತಂದಿದ್ದ ನಾಲ್ವರು ಹೆಂಗಸರು ಸುಮ್ನೆ ಕೂತಿದ್ದರು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಗ್ರಂಥಾಲಯದಿಂದ ತಂದ ಕಥೆ ಪುಸ್ತಕವನ್ನು ಮೂಟೆ ಮೇಲೆ ಕೂತು ಜೋರಾಗಿ ಓದತೊಡಗಿದಳು. ಕರೆಂಟ್ ಬಂತು. ನಾನು ಸ್ವಿಚ್‌ಗೆ ಕೈ ಹಾಕಿದೆ. “ತಡಿಯಕ್ಕಾ, ಆ ಸೊಸೆ ಏನಾದ್ಲು ಹೇಳಿಬಿಡ್ಲಿ” ಅಂದರು. ಇವರಲ್ಲಿ ಇಬ್ಬರಿಗೆ ಓದೋಕೆ ಬರಲ್ಲ.

ನನ್ನ ಬೇಡಿಕೆ ಸಣ್ಣದು. ಪ್ರತಿ ಗ್ರಂಥಾಲಯಕ್ಕೂ ಒಂದೇ ಪುಸ್ತಕದ ಹತ್ತು ಪ್ರತಿ ಕೊಡಲಿ. ತಿಂಗಳು ಪೂರ್ತಿ ಅದು ಮನೆ ಮನೆ ಸುತ್ತಲಿ. ಕೊನೆಗೊಂದು ಸಂಜೆ, ಹೊಲದಿಂದ ಬಂದವರಿಗೂ ಅನುಕೂಲವಾಗುವಂತೆ, ಎಂಟು ಗಂಟೆವರೆಗೆ ಬಾಗಿಲು ತೆಗೆದಿರಲಿ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ, ಅಲ್ವಾ? ಆ ದಿನ ಗಿರಣಿ ನಿಲ್ಲಿಸೋಕೆ ನಾನು ತಯಾರು. ಅದರ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ.

– ಗಿರಣಿಯ ಓದುಗಿ, ತುಮಕೂರು ಜಿಲ್ಲೆ