ಹಾಡು ಕೇಳಿದ ಹಕ್ಕಿ

ಪ್ರೀತಿಯ ಪುಟ್ಟಿ,

ದೊಡ್ಡಪ್ಪನ ಆಶೀರ್ವಾದಗಳು. ಲ್ಯಾಬಿಗೆ ಸೇರಿ ಮೂರು ತಿಂಗಳಾಯಿತು, ಇನ್ನೂ ಸುಮ್ನೆ ಕೂತು ಬೇರೆಯವರ ಮಾತು ಕೇಳೋದೇ ಆಗಿದೆ, ಕೈಯಾರೆ ಒಂದು ಪ್ರಯೋಗವನ್ನೂ ಮಾಡಿಲ್ಲ ಅಂತ ಬೇಜಾರಿನಲ್ಲಿ ಬರೆದಿದ್ದೀಯ. ನೀನಿರುವುದು ಹಾಡುಹಕ್ಕಿಗಳ ಲ್ಯಾಬಿನಲ್ಲಿ ಅಲ್ವಾ? ಹಾಗಿದ್ದರೆ ಆ ಹಕ್ಕಿಗಳ ವಿಷಯವನ್ನೇ ಒಂಚೂರು ಮಾತಾಡೋಣ.

1992ರಲ್ಲಿ ಮೆಲ್ಲೊ, ವಿಕಾರಿಯೊ, ಕ್ಲೇಟನ್ ಎಂಬ ಮೂವರು ಸಂಶೋಧಕರು ಸೇರಿ ಪ್ರಕಟಿಸಿದ ಪ್ರಯೋಗ ನಿನಗೆ ಗೊತ್ತೇ ಇರುತ್ತದೆ. ಆದರೂ ಒಮ್ಮೆ ನಿಧಾನವಾಗಿ ನೆನಪಿಸಿಕೊ. ಝೀಬ್ರಾ ಫಿಂಚ್ ಹಕ್ಕಿಗೆ ಅದರದೇ ಜಾತಿಯ ಹಾಡನ್ನು ಕೇಳಿಸಿದರು. ಆಮೇಲೆ ಮಿದುಳನ್ನು ತೆಳುವಾಗಿ ಸೀಳಿ ನೋಡಿದರೆ, ಸದ್ದನ್ನು ಗ್ರಹಿಸುವ ಭಾಗದಲ್ಲಿ ಝೆಂಕ್ ಎಂಬ ಜೀನ್ ಚುರುಕಾಗಿತ್ತು. ಬೇರೆ ಜಾತಿಯ ಹಾಡಿಗೆ ಅಷ್ಟು ಚುರುಕಿಲ್ಲ. ಬರೀ ಪೀಂ ಪೀಂ ಸದ್ದಿಗಂತೂ ಏನೂ ಏರಿರಲಿಲ್ಲ. ಹಾಡು ಶುರುವಾದ ಸುಮಾರು ಅರ್ಧ ಗಂಟೆಗೆ ಆ ಜೀನಿನ ಆರ್‌ಎನ್‌ಎ ಪ್ರತಿಗಳು ಜೀವಕೋಶದಲ್ಲಿ ತುಂಬಿಕೊಳ್ಳುತ್ತವೆ. ಅದರಿಂದ ತಯಾರಾಗುವ ಪ್ರೋಟೀನು ಹೋಗಿ ಡಿಎನ್‌ಎ ಮೇಲೆ ಕೂತು ಬೇರೆ ಜೀನುಗಳ ಕೆಲಸವನ್ನು ಏರಿಸುತ್ತದೆ, ಇಳಿಸುತ್ತದೆ. ಕಿವಿಗೆ ಬಿದ್ದ ಒಂದು ಹಾಡು ಜೀವಕೋಶದ ಅಷ್ಟು ಒಳಗೆ ಹೋಗಿ ಕೆಲಸ ಹಚ್ಚುತ್ತದೆ!

ಜೀನ್ ಅಂದರೆ ಹುಟ್ಟುವಾಗಲೇ ಮುಗಿದುಹೋದ ತೀರ್ಮಾನ ಅನ್ನೋ ಹಾಗೆ ನಾನು ವರ್ಷಗಟ್ಟಲೆ ಪಾಠ ಮಾಡಿದ್ದೆ. ಈ ಸಂಗತಿ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಹಾಗಂತ ನೀನು ಬರೆಯುವಾಗ ಹುಷಾರಾಗಿರು. ಹಾಡು ಕೇಳಿ ಜೀನ್ ಬದಲಾಯಿತು ಅಂತ ಬರೆಯಬೇಡ. ಜೀನ್ ಇದ್ದ ಹಾಗೇ ಇದೆ, ಅದರ ಚಟುವಟಿಕೆ ಬದಲಾಗಿದೆ. ಇಷ್ಟು ಸಣ್ಣ ವ್ಯತ್ಯಾಸ ಬಿಟ್ಟರೆ ಇಡೀ ವಾಕ್ಯವೇ ಸುಳ್ಳಾಗುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು 1995ರ ಪ್ರಯೋಗ. ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿದರೆ ಝೆಂಕ್ ಸ್ಪಂದನ ಇಳಿಯುತ್ತಾ ಬಂದು ನಿಂತುಬಿಡುತ್ತದೆ. ಹಕ್ಕಿಗೆ ಸುಸ್ತಾಗಿದೆ ಅಂದುಕೊಂಡರೆ ತಪ್ಪು. ಹೊಸ ಹಾಡು ಹಾಕಿ ನೋಡು, ಮತ್ತೆ ಏರುತ್ತದೆ. ಹಳೆಯ ಹಾಡಿನ ಗುರುತು ಮಿದುಳಿಗೆ ಸಿಕ್ಕಿಬಿಟ್ಟಿದೆ ಅಂತ ಇದರರ್ಥ. ಮೊದಲ ವಾರ ನಿನಗೆ ದಂಗುಬಡಿಸಿದ ಲ್ಯಾಬಿನ ಮಾತುಗಳು ಈಗ ಸಪ್ಪೆ ಅನ್ನಿಸುತ್ತಿವೆ ಅಂದೆಯಲ್ಲ. ಹಕ್ಕಿಯ ಲೆಕ್ಕವನ್ನು ಮನುಷ್ಯರಿಗೆ ನೇರವಾಗಿ ಹಚ್ಚಬಾರದು, ಗೊತ್ತು. ಆದರೂ ಆ ಸಪ್ಪೆಯನ್ನು ದಡ್ಡತನ ಅಂತ ತಿಳಿಯಬೇಡ. ಒಂದಷ್ಟು ಒಳಗಿಳಿದಿದೆ, ಈಗ ಹೊಸದನ್ನು ಕೇಳು. ಪಕ್ಕದ ಮೇಜಿನವರ ಪ್ರಯೋಗ ಏನು ಅಂತ ವಿಚಾರಿಸು.

ಇನ್ನೊಂದು, ಇದನ್ನು ಮಾತ್ರ ಮರೆಯಬೇಡ. ಝೀಬ್ರಾ ಫಿಂಚ್‌ನ ಗಂಡು ಮರಿ ದೊಡ್ಡ ಗಂಡಿನ ಹಾಡು ಕೇಳಿ ಕಲಿಯುತ್ತದೆ. 2008ರಲ್ಲಿ ಲಂಡನ್ ಮತ್ತು ಕ್ಲೇಟನ್ (ಲಂಡನ್ ಅಂದರೆ ಇಲ್ಲಿ ಊರಲ್ಲ, ಸಂಶೋಧಕಿಯ ಹೆಸರು) ಮರಿ ಹಾಗೆ ಕೇಳುವ ಹೊತ್ತಿನಲ್ಲಿ ಮಾತ್ರ, ಇಂಥ ಜೀನುಗಳನ್ನು ಎಬ್ಬಿಸುವ ಸಂಕೇತದ ದಾರಿಯನ್ನು ಮಿದುಳಿನ ಸದ್ದು ಗ್ರಹಿಸುವ ಭಾಗದಲ್ಲಿ ತಡೆದರು. ಮರಿಗೆ ಕಿವಿ ಕೇಳುತ್ತಿತ್ತು. ಒಂದು ಹಾಡಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೂ ತಿಳಿಯುತ್ತಿತ್ತು. ಆದರೆ ದೊಡ್ಡದಾದ ಮೇಲೆ ಗುರುವಿನ ಹಾಡು ಅದರ ಬಾಯಲ್ಲಿ ಸರಿಯಾಗಿ ಬರಲೇ ಇಲ್ಲ. ಕೊರತೆಯಾದದ್ದು ಹಾಡುವಾಗ ಅಲ್ಲ ಪುಟ್ಟಿ, ಎಷ್ಟೋ ದಿನ ಮೊದಲು, ಕೇಳುತ್ತಾ ಕೂತಿದ್ದಾಗ.

ಅದಕ್ಕೇ ಹೇಳುವುದು, ಈ ಮೂರು ತಿಂಗಳನ್ನು ದಂಡದ ಲೆಕ್ಕಕ್ಕೆ ಬರೆಯಬೇಡ. ದಿನಾ ಬೆಳಿಗ್ಗೆ ಯಾರೂ ಬರುವ ಮೊದಲು ಅರ್ಧ ಗಂಟೆ ಪಂಜರಗಳ ಹತ್ತಿರ ನೋಟ್‌ಬುಕ್ ಹಿಡಿದು ಕೂತುಕೋ. ಯಾವ ಗಂಡು ಯಾವಾಗ ಹಾಡಿತು, ಪಕ್ಕದಲ್ಲಿ ಯಾರಿದ್ದರು, ಹಾಡದ ಹೆಣ್ಣು ಹಕ್ಕಿ ಆಗ ಏನು ಮಾಡುತ್ತಿತ್ತು, ಬರೆದಿಡು. ಹೊಸ ಹಾಡು ಕಿವಿಗೆ ಬಿದ್ದರೆ ಅವಳ ಮಿದುಳಿನಲ್ಲೂ ಝೆಂಕ್ ಏಳುತ್ತದೆ.

ಮುಂದಿನ ಸಲ ಫೋನ್ ಮಾಡುವಾಗ ಅಲ್ಲಿಂದಲೇ ಮಾಡು. ಆ ಹಾಡನ್ನು ನಾನೂ ಕೇಳಬೇಕು.

ನಿನ್ನ
ದೊಡ್ಡಪ್ಪ