ಲಸ್ಸಾ ಜ್ವರದ ಟೆಸ್ಟ್: ನೈಜೀರಿಯಾದಲ್ಲಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಎಡೋ, ಒಂಡೋ, ಬೌಚಿ ರಾಜ್ಯಗಳ ಕಡೆ ಇರುವವರು ದಯವಿಟ್ಟು ಓದಿ. ಇಲಿಯಿಂದ ಬರುವ ಲಸ್ಸಾ ಜ್ವರ ಇಲ್ಲಿ ಮಳೆಯಿಲ್ಲದ ಒಣ ತಿಂಗಳುಗಳಲ್ಲಿ ಜಾಸ್ತಿ. ಶುರುವಿನಲ್ಲಿ ಥೇಟ್ ಮಲೇರಿಯಾ ಹಾಗೇ ಇರುತ್ತದೆ. ಮಲೇರಿಯಾ ಮಾತ್ರೆ ನುಂಗಿದರೂ ಜ್ವರ ಇಳಿಯದಿದ್ದರೆ ಸುಮ್ನೆ ಕೂರಬೇಡಿ, ಲಸ್ಸಾ ಟೆಸ್ಟ್ ಬೇಕಾ ಅಂತ ಡಾಕ್ಟರನ್ನು ನೀವೇ ಕೇಳಿ.

ಮಾಡಿಸಬೇಕಾದದ್ದು ಆರ್‌ಟಿ-ಪಿಸಿಆರ್. ಕೋವಿಡ್ ಕಾಲದಲ್ಲಿ ಕೇಳಿದ ಹೆಸರೇ ಅಲ್ವಾ? ಆದರೆ ಇಲ್ಲಿ ಮೂಗಿಗೆ ಕಡ್ಡಿ ಹಾಕುವುದಿಲ್ಲ, ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆಯುತ್ತಾರೆ. ಪಕ್ಕದ ರಸ್ತೆಯ ಲ್ಯಾಬಿನಲ್ಲಿ ಇದು ಆಗುವುದಿಲ್ಲ. ಎಡೋ ರಾಜ್ಯದ ಇರ್ರುವಾದ ಸ್ಪೆಷಲಿಸ್ಟ್ ಟೀಚಿಂಗ್ ಆಸ್ಪತ್ರೆಯಂಥ ಕಡೆಗೇ ಹೋಗಬೇಕು. ಆಂಟಿಬಾಡಿ ಟೆಸ್ಟ್ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಹುಡುಕುವುದು) ಮೊದಲ ದಿನಗಳಲ್ಲಿ ನೆಗೆಟಿವ್ ಬರಬಹುದು, ಅದೊಂದನ್ನೇ ನಂಬಬೇಡಿ.

ರಜೆಗೆ ಊರಿಗೆ ಹೋದವರಿಗೆ 21 ದಿನದೊಳಗೆ ಜ್ವರ ಬಂದರೆ, ನೈಜೀರಿಯಾದಿಂದ ಬಂದಿದ್ದೇವೆ ಅಂತ ಡಾಕ್ಟರಿಗೆ ಮೊದಲೇ ಹೇಳಿಬಿಡಿ.